ಮಗಳ ಕೈಗೊಂದು ನೋಟ್ ಪುಸ್ತಕ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ. ಸಂಘದಲ್ಲಿ ನಡಾವಳಿ ಪುಸ್ತಕ, ಉಳಿತಾಯದ ಪುಸ್ತಕ ಇಲ್ಲದೇ ಹೋಗಿದ್ದರೆ ಬ್ಯಾಂಕಿನವರು ನಮಗೆ ಸಾಲ ಕೊಡ್ತಿದ್ರಾ? ಇಲ್ಲ. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಅಡವಿಡಲು ಏನೂ ಇಲ್ಲದ ಹೆಂಗಸರನ್ನು ಬ್ಯಾಂಕು ನಂಬಿದ್ದು ಅವರು ತಪ್ಪದೆ ಬರೆದಿಟ್ಟ ಲೆಕ್ಕ ನೋಡಿ. ವಾರಕ್ಕೆ 10 ರೂಪಾಯಿ ಯಾವ ಲೆಕ್ಕ ಅಂತ ನಕ್ಕವರಿಗೆ, ವರ್ಷಕ್ಕೆ 520 ಆಯ್ತು ನೋಡಿ ಅಂತ ತೋರಿಸಿದ್ದೂ ಅದೇ ಪುಸ್ತಕ.

ನಮ್ಮ ಹೆಣ್ಣುಮಕ್ಕಳ ಆಸೆಗೆ ಇಂಥ ಪುಸ್ತಕ ಎಲ್ಲಿದೆ? "ನರ್ಸ್ ಆಗ್ತೀನಿ", "ಟೀಚರ್ ಆಗ್ತೀನಿ" ಅಂತ ಮಗಳು ಹೇಳ್ತಾಳೆ. ನಾವು "ಆಗೋಣ ಬಿಡು" ಅಂತೀವಿ. ಮಾತು ಅಲ್ಲಿಗೇ ಮುಗಿಯುತ್ತದೆ.

ಪಾಕಿಸ್ತಾನದ ಸ್ವಾತ್ ಎಂಬಲ್ಲಿ 2009ರಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಮುಚ್ಚಿಸುತ್ತಿದ್ದಾಗ, ಮಲಾಲಾ ಎಂಬ 11 ವರ್ಷದ ಹುಡುಗಿ ಬೇರೆ ಹೆಸರಿನಲ್ಲಿ ತನ್ನ ದಿನಚರಿ ಬರೆದಳು. 2014ರಲ್ಲಿ ಅವಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ಮಕ್ಕಳು ಬರೆದದ್ದು ಲೋಕಕ್ಕೆ ಗೊತ್ತಾಗಬೇಕಿಲ್ಲ. ಅವರಿಗೇ ಗೊತ್ತಾದರೆ ಸಾಕು.

ಬರೆಯುವುದು ಹೇಗೆ? ಒಂದು ಸಾಧಾರಣ ನೋಟ್ ಪುಸ್ತಕ ಕೊಡಿಸಿ. ಮೊದಲ ಪುಟದಲ್ಲಿ ತನ್ನ ಗುರಿಯನ್ನು ಅವಳೇ ಬರೆಯಲಿ. ನಾವು ಹೇಳಿ ಬರೆಸಿದರೆ ಅದು ನಮ್ಮ ಗುರಿ, ಅವಳದ್ದಲ್ಲ. ಆಮೇಲೆ ವಾರಕ್ಕೊಮ್ಮೆ ನಾಲ್ಕು ಸಾಲು:

1. ಈ ವಾರ ಏನು ಮಾಡಬೇಕು ಅಂದುಕೊಂಡಿದ್ದೆ?
2. ಎಷ್ಟು ಆಯಿತು?
3. ಅಡ್ಡ ಬಂದದ್ದು ಏನು?
4. ಮುಂದಿನ ವಾರ ಯಾವ ದಿನ, ಯಾವ ಹೊತ್ತಿನಲ್ಲಿ, ಏನು ಮಾಡುತ್ತೇನೆ?

"ಚೆನ್ನಾಗಿ ಓದುತ್ತೇನೆ" ಎಂದು ಬರೆದರೆ ಸಾಲದು. "ಮಂಗಳವಾರ ಸಂಜೆ ಏಳು ಗಂಟೆಗೆ ಐದು ಲೆಕ್ಕ ಮಾಡುತ್ತೇನೆ" ಎಂದು ಬರೆದರೆ, ಮಾಡಿದಳೋ ಇಲ್ಲವೋ ಅವಳಿಗೇ ತಿಳಿಯುತ್ತದೆ.

ಮೂರನೆಯ ಸಾಲು ನಮಗೂ ಸೇರಿದ್ದು, ತಾಯಂದಿರೇ. ಜುಲೈ, ಆಗಸ್ಟ್ ಬಂದರೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪಿನ ಕೆಲಸ, ಕೆ.ಆರ್.ನಗರದ ಕಡೆ ಭತ್ತದ ನಾಟಿ. "ಇವತ್ತೊಂದಿನ ಶಾಲೆ ಬಿಡು, ತಮ್ಮನ್ನ ನೋಡ್ಕೋ" ಅಂತೀವಿ. ವಾರಕ್ಕೆ ಎರಡು ದಿನವಾದರೆ ಎಂಟು ವಾರಕ್ಕೆ 16 ದಿನ! ಗಣಿತದಲ್ಲಿ ಎರಡು ಪಾಠ ಹೋಯ್ತು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ "ಇವಳ ತಲೆಗೆ ಹತ್ತಲ್ಲ" ಅಂತ ಹೇಳೋರೂ ನಾವೇ. ಬರೆದಿಟ್ಟಿದ್ದರೆ ತಪ್ಪು ಅವಳ ತಲೆಯದಲ್ಲ, ತಪ್ಪಿಹೋದ ದಿನಗಳದ್ದು ಅಂತ ಕಾಣುತ್ತೆ. ಆ ಪುಟ ನೋಡಿ ಒಂದು ದಿನವನ್ನಾದರೂ ನಾವು ಅವಳಿಗೆ ವಾಪಸ್ ಕೊಡಬಹುದು.

ಒಂದು ಎಚ್ಚರಿಕೆ. ಪುಸ್ತಕದ ಹಿಂದಿನ ಪುಟಗಳು ಅವಳ ಮನಸ್ಸಿನ ಮಾತಿಗೆ. ಅವಳನ್ನು ಕೇಳದೆ ಓದಬೇಡಿ, ಅಣ್ಣತಮ್ಮಂದಿರಿಗೂ ಓದಲು ಬಿಡಬೇಡಿ. ಒಮ್ಮೆ ಕದ್ದು ಓದಿದರೆ ಮತ್ತೆ ಅವಳು ನಿಜ ಬರೆಯೋದಿಲ್ಲ. ಅವಳೇ ಬಂದು ಕಷ್ಟ ಹೇಳಿಕೊಂಡರೆ ಬೈಯದೆ ಕೇಳಿ. 18 ತುಂಬುವ ಮೊದಲೇ ಮದುವೆಯ ಮಾತು, ಯಾರದಾದರೂ ಕಿರುಕುಳ ಇದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೇಕಿಲ್ಲ.

"ನಮಗೆ ಓದು ಬರಲ್ಲ, ನಾವೇನು ಮಾಡೋದು?" ಅಂತ ಕೆಲವರು ಕೇಳಬಹುದು. ಭಾನುವಾರ ರಾತ್ರಿ ಊಟ ಆದ ಮೇಲೆ "ಈ ವಾರ ಏನು ಬರೆದೆ ಮಗಳೇ?" ಅಂತ ಕೇಳಿ. ಅವಳು ಓದಿ ಹೇಳಿದಷ್ಟು ಕೇಳಿಸಿಕೊಳ್ಳಿ. ಅದಕ್ಕೆ ಅಕ್ಷರ ಬೇಡ, ಹತ್ತು ನಿಮಿಷ ಸಾಕು. ಗುರಿ ಮುಟ್ಟದ ವಾರಗಳೂ ಇರುತ್ತವೆ. ಸಂಘದಲ್ಲಿ ಒಂದು ಕಂತು ತಪ್ಪಿದವರನ್ನು ನಾವು ಹೊರಗೆ ಹಾಕುತ್ತೇವೆಯೇ? ಮುಂದಿನ ವಾರ ಕಟ್ಟಿ ಅಂತೀವಿ. ಮಗಳಿಗೂ ಹಾಗೇ ಹೇಳಿ.

ಮುಂದಿನ ಸಭೆಯಲ್ಲಿ ಒಂದು ತೀರ್ಮಾನ ಮಾಡಿ, ನಡಾವಳಿಯಲ್ಲಿ ಬರೆಯಿರಿ: ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯೆಯ ಮಗಳಿಗೂ ಒಂದು ನೋಟ್ ಪುಸ್ತಕ, ಒಂದು ಪೆನ್ನು. ಬರೆದ ಮಾತನ್ನು ನಡೆಸಿಕೊಡುವುದು ಸಂಘದ ಹೆಂಗಸರಿಗೆ ಹೊಸತೇನಲ್ಲ.