ಗಡಿ ದಾಟಿ ಎರಡು ದಿನ



ಕಾಶಿ ನೋಡಬೇಕು ಎಂಬ ಆಸೆ ಯಾರಿಗಿಲ್ಲ ಹೇಳಿ? ನಾವೂ ಮನೆಮಂದಿಯೆಲ್ಲ ಕಾಶಿಗೆ ಹೊರಟಿದ್ದೆವು. ಆಗ ನಮ್ಮ ಅತ್ತೆಯವರು, "ಬುದ್ಧ ಹುಟ್ಟಿದ ಊರು ಅಲ್ಲಿಂದ ಒಂದು ರಾತ್ರಿಯ ದಾರಿಯಂತೆ. ಅದನ್ನೂ ನೋಡೋಣ" ಅಂದರು. ಆ ಊರು ಲುಂಬಿನಿ. ಅದು ಇರುವುದು ನೇಪಾಳ ದೇಶದಲ್ಲಿ. ಬೇರೆ ದೇಶ ಅಂದಕೂಡಲೇ ನಮಗೆ ಭಯ ಆಯಿತು. ಆದರೆ ತಿಳಿದುಕೊಂಡು ಹೊರಟರೆ ಭಯವೇನೂ ಇಲ್ಲ. ನಾವು ತಿಳಿದದ್ದನ್ನು, ಎಡವಿದ್ದನ್ನು ನಿಮಗೆ ಹೇಳುತ್ತೇವೆ.

ಮೊದಲು ದಾರಿ. ಕಾಶಿಯಿಂದ ಸೋನೌಲಿ ಎಂಬ ಗಡಿ ಊರು ಸುಮಾರು 300 ಕಿಲೋಮೀಟರ್. ಗೋರಖಪುರದಿಂದಾದರೆ ಸುಮಾರು 100. ಸೋನೌಲಿಯಲ್ಲಿ ದೊಡ್ಡ ಕಮಾನು ಇದೆ. ಅದನ್ನು ನಡೆದೇ ದಾಟಬಹುದು. ಆಚೆ ನೇಪಾಳ. ಅಲ್ಲಿಂದ ಲುಂಬಿನಿಗೆ ಸುಮಾರು 25 ಕಿಲೋಮೀಟರ್.

ಎರಡನೆಯದು ಕಾಗದಪತ್ರ. 1950ರಲ್ಲಿ ಭಾರತ, ನೇಪಾಳ ಒಂದು ಒಪ್ಪಂದ ಮಾಡಿಕೊಂಡವು. ಅದರಿಂದ ನಮಗೆ ವೀಸಾ ಬೇಕಿಲ್ಲ. ಆದರೆ ಗುರುತು ಬೇಕು. ದೊಡ್ಡವರ ಹತ್ತಿರ ಪಾಸ್‌ಪೋರ್ಟು ಅಥವಾ ಮತದಾರರ ಚೀಟಿ ಇರಲಿ. ಆಧಾರ್ ಒಂದೇ ಇದ್ದರೆ ಸಾಲದು. 65 ದಾಟಿದವರಿಗೆ, 15 ತುಂಬದ ಮಕ್ಕಳಿಗೆ ಮಾತ್ರ ಆಧಾರ್ ನಡೆಯುತ್ತದೆ. 15ರಿಂದ 18ರ ಮಕ್ಕಳಿಗೆ ಶಾಲೆಯ ಮುಖ್ಯೋಪಾಧ್ಯಾಯರಿಂದ ಗುರುತಿನ ಪತ್ರ ಬರೆಸಿಕೊಳ್ಳಿ. ಮತದಾರರ ಚೀಟಿ ಓಟಿಗೆ ಮಾತ್ರ ಅಂತ ಟ್ರಂಕಿನಲ್ಲಿ ಇಟ್ಟುಬಿಡಬೇಡಿ. ನಮ್ಮ ಭಾವ ಹಾಗೇ ಮಾಡಿದ್ದರು. ಹೊರಡುವ ಹಿಂದಿನ ರಾತ್ರಿ ಮನೆಯೆಲ್ಲ ಹುಡುಕಿದ್ದಾಯಿತು!

ಮೂರನೆಯದು ಹಣ. ಅಲ್ಲಿಯದೂ ರೂಪಾಯಿಯೇ. ಆದರೆ ಬೆಲೆ ಬೇರೆ. ನಮ್ಮ 100 ರೂಪಾಯಿ ಅಲ್ಲಿಯ 160 ರೂಪಾಯಿಗೆ ಸಮ. ಇದು ಗೊತ್ತಿದ್ದೂ ನಾವು ಮೊದಲ ದಿನ ಮೋಸ ಹೋದೆವು. ಒಂದು ಅಂಗಡಿಯಲ್ಲಿ ಊಟಕ್ಕೆ 320 ಅಂದರು. ನಾವು ನಮ್ಮ ಹಣದಲ್ಲೇ 320 ಕೊಟ್ಟು ಬಂದೆವು. ಕೊಡಬೇಕಾದದ್ದು 200 ಮಾತ್ರ. 120 ರೂಪಾಯಿ ಹೋಯಿತು!

ಮರುದಿನ ಒಂದು ಶಾಲಿಗೆ 480 ಅಂದರು. ನಾವು ಚೀಲಕ್ಕೆ ಕೈ ಹಾಕಿದೆವು. ಅತ್ತೆಯವರು ತಡೆದರು. "ನೇಪಾಳದ್ದೋ, ನಮ್ಮದೋ ಕೇಳಿ" ಅಂದರು. ಅಂಗಡಿಯವನು ನೇಪಾಳದ್ದು ಅಂದ. ಅತ್ತೆಯವರು ಬೆರಳು ಮಡಚಿ ಲೆಕ್ಕ ಹಾಕಿ 300 ಕೊಟ್ಟರು. ಅವರು ಅಕ್ಷರ, ಲೆಕ್ಕ ಕಲಿತದ್ದು 66ನೇ ವಯಸ್ಸಿನಲ್ಲಿ, ಇಂಥದೇ ಒಂದು ಕೇಂದ್ರದಲ್ಲಿ. ಕಲಿಸಿದ ನಾವು ಸುಮ್ಮನೆ ನಿಂತಿದ್ದೆವು.

ಹೋಗುವಾಗ 100 ರೂಪಾಯಿ ನೋಟುಗಳನ್ನೇ ಹೆಚ್ಚಾಗಿ ಒಯ್ಯಿರಿ. ಅಲ್ಲಿ ಶನಿವಾರ ರಜೆ, ಬ್ಯಾಂಕು ಮುಚ್ಚಿರುತ್ತದೆ.

ನಾಲ್ಕನೆಯದು ವೇಳೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ನಾವು ಕೈಗಡಿಯಾರ ತಿದ್ದಿರಲಿಲ್ಲ. 4 ಗಂಟೆಯ ಬಸ್ಸಿಗೆ ಸರಿಯಾಗಿ 4ಕ್ಕೆ ಬಂದೆವು. ಬಸ್ಸು ಹೋಗಿ ಕಾಲು ಗಂಟೆ ಆಗಿತ್ತು!

ಲುಂಬಿನಿಯಲ್ಲಿ ಮಾಯಾದೇವಿ ಗುಡಿ ಇದೆ. ಪಕ್ಕದಲ್ಲಿ ಒಂದು ಕಲ್ಲಿನ ಕಂಬ ಇದೆ. 2,200 ವರ್ಷಗಳಿಗೂ ಹಿಂದೆ ಅಶೋಕ ಚಕ್ರವರ್ತಿ ನಿಲ್ಲಿಸಿದ ಕಂಬ ಅದು. ಅದರ ಮೇಲೆ ಬ್ರಾಹ್ಮಿ ಅಕ್ಷರಗಳಿವೆ. ಬುದ್ಧ ಹುಟ್ಟಿದ್ದು ಇಲ್ಲೇ, ಅದಕ್ಕೇ ಈ ಊರಿನ ಕಂದಾಯ ಇಳಿಸಿದ್ದೇನೆ ಎಂದು ರಾಜ ಬರೆಸಿದ್ದಾನೆ. ನೂರಾರು ವರ್ಷ ಇದನ್ನು ಓದುವವರೇ ಇರಲಿಲ್ಲ. 1896ರಲ್ಲಿ ಆ ಬರಹ ಮತ್ತೆ ಬೆಳಕಿಗೆ ಬಂತು. ಓದಿದ ಮೇಲೇ ಲುಂಬಿನಿ ಇದೇ ಎಂದು ಜಗತ್ತಿಗೆ ಖಾತ್ರಿಯಾಯಿತು.

ಅಶೋಕನ ಬರಹ ನಮ್ಮಲ್ಲೂ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಅದು ಸಿಕ್ಕಿತು. ಅದೂ ಬ್ರಾಹ್ಮಿಯೇ. ನಮ್ಮ ಕನ್ನಡ ಅಕ್ಷರಗಳು ಬೆಳೆದು ಬಂದದ್ದೂ ಆ ಲಿಪಿಯಿಂದಲೇ.

ಇದನ್ನು ಹೇಳಿದಾಗ ಅತ್ತೆಯವರು ಕಂಬದ ಮುಂದೆ ತುಂಬ ಹೊತ್ತು ನಿಂತರು. "ಹಾಗಾದರೆ ಇವು ನಮ್ಮ ಅಕ್ಷರದ ಅಜ್ಜ-ಅಜ್ಜಿಯರು" ಅಂದರು. ಆಮೇಲೆ, "ಆರು ವರ್ಷದ ಹಿಂದೆ ಬಂದಿದ್ದರೆ ನನಗೆ ಇದು ಬರೀ ಗೀರು ಆಗಿರೋದು" ಅಂದರು.

ಬಂಧುಗಳೇ, ನೀವು ಲುಂಬಿನಿಗೇ ಹೋಗಬೇಕು ಅಂತಿಲ್ಲ. ಪಕ್ಕದ ತಾಲ್ಲೂಕಿಗೆ ಹೋದರೂ ಸರಿ. ಹೊರಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ದಾರಿ, ಕಾಗದ, ಹಣ, ವೇಳೆ, ಈ ನಾಲ್ಕನ್ನೂ ನಿಮ್ಮ ಕೈಯಾರೆ ಬರೆಯಿರಿ. ಬೋರ್ಡು ಓದಿ, ಬೆಲೆ ಕೇಳಿ, ಲೆಕ್ಕ ಹಾಕಿ. ಗೊತ್ತಿಲ್ಲದಿದ್ದರೆ ನಾಚಬೇಡಿ, ಕೇಳಿ.