ಕಲ್ಲಿದ್ದಲು ಬೆಳಕಾಗುವ ಬಗೆ

ಮನೆಯಲ್ಲಿ ಗುಂಡಿಯನ್ನೊತ್ತಿದೊಡನೆ ದೀಪ ಬೆಳಗುತ್ತದೆ. ಆ ಬೆಳಕು ಎಲ್ಲಿಂದ ಬಂತೆಂದು ನಾವು ವಿಚಾರಿಸುವುದು ಅದು ಆರಿಹೋದಾಗ ಮಾತ್ರ.

ಕನ್ನಡ ನಾಡಿನ ವಿದ್ಯುತ್ತಿಗೆ ಮೊದಲ ತವರು ನೀರು. 1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿದಳು. ಆದರೆ ಮಳೆ ತಪ್ಪಿದ ವರ್ಷ ನೀರಿನ ಯಂತ್ರವೂ ಸೊರಗುತ್ತದೆ. ಆದುದರಿಂದ ಅಗ್ನಿಯ ನೆರವೂ ಬೇಕಾಯಿತು. 1985ರಲ್ಲಿ ರಾಯಚೂರಿನ ಬಳಿ, ಕೃಷ್ಣೆಯ ದಡದ ಶಕ್ತಿನಗರದಲ್ಲಿ, ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಕೆಲಸಕ್ಕೆ ತೊಡಗಿತು. ಮುಂದೆ ಘಟಕಗಳು ಎಂಟಾದವು. ಒಟ್ಟು ಸಾಮರ್ಥ್ಯ 1,720 ಮೆಗಾವಾಟಿಗೆ ಏರಿತು.

ಸ್ಥಾವರವೆಂದರೆ ಕದಲದೆ ನಿಂತದ್ದು. ಈ ಸ್ಥಾವರದಲ್ಲಿ ಹಾಗೆ ನಿಂತಿರುವುದು ಗೋಡೆಗಳಷ್ಟೇ, ಒಳಗಿನದೆಲ್ಲ ಜಂಗಮವೇ.

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಸಿಂಗರೇಣಿಯೇ ಮೊದಲಾದ ಹೊರಗಿನ ಗಣಿಗಳಿಂದ ಅದು ರೈಲಿನಲ್ಲಿ ಬರುತ್ತದೆ. ಒಲೆಯ ಮುಂದೆ ಕುಳಿತವರಿಗೆ ಗೊತ್ತು: ದಿಮ್ಮಿ ಹೊತ್ತಲು ತಡ, ಸಿಬರು ಬೇಗ. ಅದೇ ನ್ಯಾಯದಿಂದ ಇಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ನುಣ್ಣಗೆ ಬೀಸಿ, ಬಿಸಿಗಾಳಿಯೊಡನೆ ಕುಲುಮೆಯೊಳಕ್ಕೆ ಊದುತ್ತಾರೆ. ಪುಡಿ ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಉರಿಯುತ್ತದೆ. ಕುಲುಮೆಯ ಸುತ್ತಲೂ ಗೋಡೆಯಂತೆ ಕೊಳವೆಗಳು, ಅವುಗಳೊಳಗೆ ನೀರು. ಅದು ಉಗಿಯಾಗಿ, ಮತ್ತಷ್ಟು ಕಾದು, 500 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಿಂದ ಟರ್ಬೈನಿನ ಅಲಗುಗಳ ಮೇಲೆ ನುಗ್ಗುತ್ತದೆ. ಅದರ ದಂಡ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಜನರೇಟರಿನಲ್ಲಿ ವಿದ್ಯುತ್ತು ಹುಟ್ಟುತ್ತದೆ.

ದುಡಿದು ದಣಿದ ಉಗಿಯನ್ನು ತಂಪಾದ ಕೊಳವೆಗಳ ಮೇಲೆ ಹಾಯಿಸಿ ಮರಳಿ ನೀರಾಗಿಸುತ್ತಾರೆ. ಕಷ್ಟಪಟ್ಟು ಕಾಯಿಸಿದ್ದನ್ನು ತಣಿಸುವುದೇಕೆ? ಉಗಿಯನ್ನು ಉಗಿಯಾಗಿಯೇ ಬಾಯ್ಲರಿಗೆ ಒತ್ತಿ ತುಂಬುವುದಕ್ಕೆ ಅಪಾರ ಶಕ್ತಿ ಬೇಕು. ನೀರನ್ನು ತಳ್ಳಲು ಸ್ವಲ್ಪ ಸಾಕು. ಅಲ್ಲದೆ ಉಗಿ ಕುಗ್ಗಿ ನೀರಾದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಹಿಂದಿನ ಉಗಿಗೆ ಚಕ್ರವನ್ನು ತಿರುಗಿಸಲು ಹೆಚ್ಚಿನ ಅವಕಾಶ ದೊರೆಯುತ್ತದೆ. ಆದರೆ ಈ ತಣಿಸುವಿಕೆಗೆ ತೆರುವ ಬೆಲೆ ದೊಡ್ಡದು. ಇಂತಹ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಸುಮಾರು ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದು ನೀರಿಗೂ ಗಾಳಿಗೂ ಸೇರಿಹೋಗುತ್ತದೆ.

ಇನ್ನು ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಅದು ಬಹಳ. ಅನೇಕ ವೇಳೆ ತೂಕದ ಮೂರರಲ್ಲೊಂದು ಭಾಗ. ಹೊಗೆಯೊಡನೆ ಹೊರಟ ಬೂದಿಯನ್ನು ವಿದ್ಯುತ್ತೇರಿಸಿದ ಲೋಹದ ಫಲಕಗಳು ಸೆಳೆದು ಹಿಡಿಯುತ್ತವೆ. ಅದು ಸಿಮೆಂಟಿಗೂ ಇಟ್ಟಿಗೆಗೂ ಒದಗುತ್ತದೆ. ಆದರೆ ಇಂಗಾಲದ ಡೈಆಕ್ಸೈಡನ್ನು ಈ ಫಲಕಗಳು ಹಿಡಿಯಲಾರವು; ಅದು ಚಿಮಣಿಯಿಂದ ಆಕಾಶಕ್ಕೆ ಸೇರಿ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ.

ಈಗ ಹಗಲಿನಲ್ಲಿ ಪಾವಗಡದ ಸೌರ ಫಲಕಗಳು ಕೈಗೂಡಿಸುತ್ತವೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೇ ಮನೆಮನೆಯಲ್ಲಿ ದೀಪ ಹತ್ತುತ್ತದೆ. ಬೇಡಿಕೆ ಏರಿದಂತೆ ಉಗಿಯ ಕವಾಟ ಮತ್ತಷ್ಟು ತೆರೆಯಬೇಕು, ಕುಲುಮೆಗೆ ಮತ್ತಷ್ಟು ಪುಡಿ ಬೀಳಬೇಕು. ಒಂದು ಯೂನಿಟ್ಟಿಗೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲಿದ್ದಲು ಬೇಕು. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಆ ಕಲ್ಲಿದ್ದಲನ್ನೇ ಸುಡುತ್ತಿರುತ್ತದೆ. ಹೊರಗೆ ಬರುವಾಗ ಗುಂಡಿಯನ್ನು ಆರಿಸುವುದು ಬಿಲ್ಲಿನ ಉಳಿತಾಯ ಮಾತ್ರವಲ್ಲ. ಗಣಿಯ, ನದಿಯ, ಗಾಳಿಯ ಉಳಿತಾಯವೂ ಹೌದು.