ಲೆಕ್ಕ ಹೊಂದಿದ ಮರುದಿನ



ಕಲಬುರಗಿಯ ತೊಗರಿ ಅಡತಿ ಅಂಗಡಿಗಳಲ್ಲಿ ಮೊದಲು ಲೆಕ್ಕ ಬರೆಯುವವರು ಮಾಲೀಕರ ಪಕ್ಕದಲ್ಲೇ ಕೂಡುತ್ತಿದ್ದರು. ಮುಂದೆ ಕಿರ್ದಿ, ಖತಾವಣಿ. ಚಹಾ ಬಂದರೆ ಅವರಿಗೂ ಒಂದು ಕಪ್ಪು. ಈಗ ಅದೇ ಲೆಕ್ಕ ಇದೇ ಊರಿನ ಶಹಾಬಜಾರ ಬಡಾವಣೆಯ ಯಾವುದೋ ಮನೆಯ ಕೋಣೆಯಲ್ಲಿ, ಲ್ಯಾಪ್‌ಟಾಪಿನಲ್ಲಿ ನಡೆಯಬಹುದು. ಅಂಗಡಿ ಬೆಂಗಳೂರಿನಲ್ಲೂ ಇದ್ದೀತು.

ಈ ಕೆಲಸದ ವಿಚಿತ್ರ ನೋಡಿ. ಲೆಕ್ಕ ಹೊಂದಿದರೆ ಯಾರೂ ಮಾತಾಡುವುದಿಲ್ಲ. ಹತ್ತು ರೂಪಾಯಿ ತಾಳೆಯಾಗದಿದ್ದರೆ ಫೋನು ಬರುತ್ತದೆ. ಎದುರಿಗೆ ಕೂತಿದ್ದರೆ ಮಾಲೀಕರ ನಗುಮುಖವಾದರೂ ಕಾಣುತ್ತಿತ್ತು. ದೂರ ಕೂತವರಿಗೆ ಸಿಗುವುದು ತಪ್ಪಿನ ಪಟ್ಟಿ ಮಾತ್ರ. ಹೀಗಾದರೆ ಹುರುಪು ಎಲ್ಲಿಂದ ಬರಬೇಕು?

 ಪ್ರತಿ ತಿಂಗಳು ಜಿಎಸ್‌ಟಿ ವಿವರ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖು ಎಂದರೆ ತಲೆಬಿಸಿ. ಆ ದಿನಗಳಲ್ಲಿ ಎಲ್ಲರೂ ಕೇಳುತ್ತಾರೆ, ಆಯ್ತೇನ್ರಿ, ಆಯ್ತೇನ್ರಿ ಎಂದು. 21ರ ಬೆಳಿಗ್ಗೆ ಯಾರು ಕೇಳುತ್ತಾರೆ? ನನ್ನ ಪ್ರಕಾರ ಮಾಲೀಕರು ಫೋನು ಮಾಡಬೇಕಾದ ದಿನವೇ ಅದು. "ನೀವು ಹೊತ್ತಿಗೆ ಸರಿಯಾಗಿ ಲೆಕ್ಕ ಕೊಟ್ರಿ, ರೈತರ ಬಾಕಿ ಅವತ್ತೇ ಮುಟ್ಟಿತು ನೋಡ್ರಿ" ಅನ್ನಬಹುದು. ಮನೆಯಲ್ಲಿ ಎಲ್ಲರೂ ಆರಾಮೇ ಎಂದೂ ಕೇಳಬಹುದು.

ಹಾಂ, ಇದಕ್ಕಾಗಿ ಮತ್ತೆ ವಿಡಿಯೊ ಮೀಟಿಂಗ್ ಕರೆಯಬೇಡಿ. ಅವರಿಗೆ ಅದೂ ಒಂದು ಕೆಲಸವೇ.